ವಕೀಲೆ, ಶಾಸಕಿ, ನ್ಯಾಯಾಧೀಶೆ: ಕಾನ್‌ಸ್ಟನ್ಸ್ ಬೇಕರ್ ಮಾಟ್ಲಿ

1975ರಲ್ಲಿ ನ್ಯೂಯಾರ್ಕಿನ ಫೆಡರಲ್ ಜಿಲ್ಲಾ ನ್ಯಾಯಾಲಯಕ್ಕೆ ಒಂದು ವಿಚಿತ್ರ ಅರ್ಜಿ ಬಂತು. ವಾಲ್‌ಸ್ಟ್ರೀಟಿನ ಹಳೆಯ, ಸಿರಿವಂತ ವಕೀಲ ಸಂಸ್ಥೆಗಳಲ್ಲಿ ಒಂದಾದ ಸಲಿವನ್ ಅಂಡ್ ಕ್ರಾಮ್‌ವೆಲ್ ಹೆಂಗಸರನ್ನು ಕೆಲಸಕ್ಕೆ ತೆಗೆದುಕೊಳ್ಳುವುದರಲ್ಲಿ ತಾರತಮ್ಯ ಮಾಡುತ್ತಿದೆ ಎಂಬುದು ಮೂಲ ದಾವೆ. ಅದರ ವಿಚಾರಣೆ ಒಬ್ಬ ಕರಿಯ ಮಹಿಳಾ ನ್ಯಾಯಾಧೀಶರ ಪಾಲಿಗೆ ಬಂದಿತ್ತು. ಈ ನ್ಯಾಯಾಧೀಶರು ಹಿಂದೆ ತಾರತಮ್ಯದ ವಿರುದ್ಧ ವಕಾಲತ್ತು ನಡೆಸಿದವರು, ಸ್ವತಃ ಹೆಂಗಸು, ಬಣ್ಣದ ಕಾರಣಕ್ಕೆ ನೋವುಂಡ ಸಮುದಾಯಕ್ಕೆ ಸೇರಿದವರು. ಆದ್ದರಿಂದ ಅವರ ಮನಸ್ಸು ಮೊದಲೇ ಒಂದು ಕಡೆಗೆ ವಾಲಿರುತ್ತದೆ, ಅವರು ಈ ಮೊಕದ್ದಮೆಯಿಂದ ಹಿಂದೆ ಸರಿಯಬೇಕು ಎಂಬುದು ಪ್ರತಿವಾದಿಗಳ ಕೋರಿಕೆಯ ತಿರುಳು.

ನ್ಯಾಯಾಧೀಶರು ಸರಿಯಲಿಲ್ಲ. ಹಿನ್ನೆಲೆ, ಲಿಂಗ, ಬಣ್ಣ ಇವೇ ಅನರ್ಹತೆಗೆ ಸಾಕೆನ್ನುವುದಾದರೆ ಈ ನ್ಯಾಯಾಲಯದ ಯಾವ ನ್ಯಾಯಾಧೀಶರೂ ಈ ಮೊಕದ್ದಮೆ ಕೇಳುವಂತಿಲ್ಲ, ಏಕೆಂದರೆ ಲಿಂಗವೂ ಬಣ್ಣವೂ ಎಲ್ಲರಿಗೂ ಇವೆ, ಹಿಂದೊಮ್ಮೆ ವಕೀಲಿ ಮಾಡಿದವರೂ ಎಲ್ಲರೂ ಹೌದು ಎಂಬರ್ಥದಲ್ಲಿ ಉತ್ತರ ಬರೆದರು. ಆ ಪೀಠದಲ್ಲಿ ಬಿಳಿಯ ಗಂಡಸೊಬ್ಬ ಕುಳಿತಿದ್ದರೆ ‘ನೀವು ಗಂಡಸು, ಎದ್ದುಹೋಗಿ’ ಎಂದು ಫಿರ್ಯಾದಿಗಳ ಕಡೆಯಿಂದ ಅರ್ಜಿ ಬರುತ್ತಿತ್ತೇ? ಬರುತ್ತಿರಲಿಲ್ಲವೆಂದೇ ತೋರುತ್ತದೆ. ಮೊಕದ್ದಮೆ ಅವರಲ್ಲಿಯೇ ಉಳಿಯಿತು. 1977ರಲ್ಲಿ ಸಂಸ್ಥೆ ರಾಜಿ ಮಾಡಿಕೊಂಡಿತು.

ಆ ನ್ಯಾಯಾಧೀಶರು ಕಾನ್‌ಸ್ಟನ್ಸ್ ಬೇಕರ್ ಮಾಟ್ಲಿ. ಅಮೆರಿಕದಲ್ಲಿ ಫೆಡರಲ್ ನ್ಯಾಯಪೀಠ ಏರಿದ ಮೊದಲ ಕರಿಯ ಮಹಿಳೆ. ಸುಮಾರು 20 ವರ್ಷ ವಕೀಲೆ, ಎರಡು ವರ್ಷ ರಾಜಕಾರಣಿ, 39 ವರ್ಷ ನ್ಯಾಯಾಧೀಶೆ. ಒಂದು ಪಕ್ಷದ ಪರವಾಗಿ ಪ್ರಾಣ ಒತ್ತೆಯಿಟ್ಟು ವಾದಿಸಿದವರು ಎರಡು ಪಕ್ಷಗಳ ನಡುವೆ ಕೂರಬಲ್ಲರೇ ಎಂಬ ಪ್ರಶ್ನೆ ಅವರನ್ನು ಕೊನೆಯವರೆಗೂ ಬಿಡಲಿಲ್ಲ.

ಮಾಟ್ಲಿ ಹುಟ್ಟಿದ್ದು 1921ರ ಸೆಪ್ಟೆಂಬರ್ 14ರಂದು, ಕನೆಕ್ಟಿಕಟ್ ರಾಜ್ಯದ ನ್ಯೂಹೇವನ್ ಪಟ್ಟಣದಲ್ಲಿ. ತಂದೆ ತಾಯಿ ವೆಸ್ಟ್ ಇಂಡೀಸಿನ ನೆವಿಸ್ ಎಂಬ ಪುಟ್ಟ ದ್ವೀಪದಿಂದ ವಲಸೆ ಬಂದವರು. ಊರಿನಲ್ಲಿರುವ ಯೇಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಸಂಘಗಳಿಗೆ ಅಡುಗೆ ಮಾಡಿ ತಂದೆ ದೊಡ್ಡ ಸಂಸಾರವನ್ನು ಸಾಕುತ್ತಿದ್ದರು. ಹೈಸ್ಕೂಲು ಮುಗಿಸಿದ ಮಗಳಿಗೆ ಲಾಯರಾಗುವ ಆಸೆ. ಕಾಲೇಜಿಗೆ ಕಳಿಸಲು ಮನೆಯಲ್ಲಿ ಹಣವಿಲ್ಲ. ಆಗ ಊರಿನ ಕರಿಯರಿಗೆಂದು ಕಟ್ಟಿಸಿದ್ದ ಸಮುದಾಯ ಭವನಕ್ಕೆ ಜನ ಏಕೆ ಬರುತ್ತಿಲ್ಲ ಎಂದು ಚರ್ಚಿಸಲು ಒಂದು ಸಭೆ ಸೇರಿತು. ಭವನದ ಆಡಳಿತದಲ್ಲಿ ಕರಿಯರಿಗೆ ಮಾತೇ ಇಲ್ಲ, ಮತ್ತೆ ಅವರು ಏಕೆ ಬಂದಾರು ಎಂದು ಈ ಹುಡುಗಿ ಎದ್ದು ನಿಂತು ಕೇಳಿದಳು. ಸಭೆಯಲ್ಲಿ ಕ್ಲಾರೆನ್ಸ್ ಬ್ಲೇಕ್ಸ್‌ಲೀ ಎಂಬ ಬಿಳಿಯ ಉದ್ಯಮಿ ಕುಳಿತಿದ್ದರು; ಆ ಭವನಕ್ಕೆ ಹಣ ಕೊಟ್ಟವರಲ್ಲಿ ಅವರೂ ಒಬ್ಬರು. ಬೇರೆಯವರಾಗಿದ್ದರೆ ಸಿಟ್ಟಾಗುತ್ತಿದ್ದರೇನೋ. ಬ್ಲೇಕ್ಸ್‌ಲೀ ಅವಳನ್ನು ಕರೆಸಿ ಓದಿನ ಖರ್ಚನ್ನೆಲ್ಲ ತಾವೇ ವಹಿಸಿಕೊಂಡರು. ನ್ಯೂಯಾರ್ಕ್ ವಿಶ್ವವಿದ್ಯಾಲಯದಿಂದ 1943ರಲ್ಲಿ ಬಿ.ಎ., ಕೊಲಂಬಿಯಾದಿಂದ 1946ರಲ್ಲಿ ಕಾನೂನು ಪದವಿ ಬಂತು.

ಕಾನೂನು ಓದುತ್ತಿರುವಾಗಲೇ, 1945ರಲ್ಲಿ, ಎನ್‌ಎಎಸಿಪಿಯ ಕಾನೂನು ನಿಧಿಯ ಕಚೇರಿಯಲ್ಲಿ ಮಾಟ್ಲಿ ಸಹಾಯಕಿಯಾಗಿ ಸೇರಿದ್ದರು. ಕರಿಯರ ಹಕ್ಕುಗಳಿಗಾಗಿ ನ್ಯಾಯಾಲಯಗಳಲ್ಲಿ ಹೋರಾಡಲೆಂದೇ ಇದ್ದ ಕಚೇರಿ ಅದು. ಮುಖ್ಯಸ್ಥರು ಥರ್ಗುಡ್ ಮಾರ್ಷಲ್, ಮುಂದೆ ಅಮೆರಿಕದ ಸುಪ್ರೀಂ ಕೋರ್ಟಿನ ಮೊದಲ ಕರಿಯ ನ್ಯಾಯಮೂರ್ತಿಯಾದವರು. ‘ಬೇರೆ ಬೇರೆ, ಆದರೆ ಸಮಾನ’ ಎಂಬ ತತ್ತ್ವವನ್ನು 1896ರಲ್ಲಿ ಸುಪ್ರೀಂ ಕೋರ್ಟೇ ಒಪ್ಪಿಬಿಟ್ಟಿತ್ತು. ದಕ್ಷಿಣದ ರಾಜ್ಯಗಳಲ್ಲಿ ಕರಿಯ ಮಕ್ಕಳಿಗೆ ಬೇರೆ ಶಾಲೆ, ಬೇರೆ ಕಾಲೇಜು, ಬಸ್ಸಿನಲ್ಲಿ ಬೇರೆ ಸೀಟು. ನಮ್ಮ ಊರುಗಳಲ್ಲಿ ಹೋಟೆಲಿನ ಹೊರಗೆ ಬೇರೆ ಲೋಟ ಇಡುತ್ತಿದ್ದುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಶಾಲೆಗಳ ಮಟ್ಟಿಗೆ ಈ ತತ್ತ್ವವನ್ನು 1954ರಲ್ಲಿ ಮುರಿದ ಬ್ರೌನ್ ಮೊಕದ್ದಮೆಯ ಮೂಲ ದಾವಾಪತ್ರದ ಕರಡನ್ನು ಬರೆದದ್ದು ಮಾಟ್ಲಿ.

ತೀರ್ಪು ಬಂದರೆ ಆಯಿತೇ? ಸುಪ್ರೀಂ ಕೋರ್ಟು ಹೇಳಿದ್ದನ್ನು ದಕ್ಷಿಣದ ರಾಜ್ಯಗಳು ಕಿವಿಗೇ ಹಾಕಿಕೊಳ್ಳಲಿಲ್ಲ. ಒಂದೊಂದು ಊರಿಗೂ ಹೋಗಿ, ಒಂದೊಂದು ಶಾಲೆಯ ಮೇಲೂ ದಾವೆ ಹೂಡಿ, ಅಲ್ಲಿನ ಬಿಳಿಯ ನ್ಯಾಯಾಧೀಶರ ಮುಂದೆ ವಾದಿಸಿ, ಸೋತು, ಮೇಲ್ಮನವಿಯಲ್ಲಿ ಗೆಲ್ಲಬೇಕಾಗಿತ್ತು. ಮಾಟ್ಲಿಯವರ ಜೀವನದ ನಡುಹರೆಯವೆಲ್ಲ ಕಳೆದದ್ದು ಈ ತಿರುಗಾಟದಲ್ಲಿ.

ಆ ನ್ಯಾಯಾಲಯಗಳ ವಾತಾವರಣ ಹೇಗಿತ್ತು ಎಂಬುದು ಒಂದು ಸಣ್ಣ ಸಂಗತಿಯಿಂದ ತಿಳಿಯುತ್ತದೆ. ದಕ್ಷಿಣದಲ್ಲಿ ಬಿಳಿಯರು ಕರಿಯರನ್ನು ‘ಮಿಸ್ಟರ್’, ‘ಮಿಸೆಸ್’ ಎಂದು ಕರೆಯುತ್ತಿರಲಿಲ್ಲ. ಎಷ್ಟೇ ವಯಸ್ಸಾಗಿರಲಿ, ಏನೇ ಓದಿರಲಿ, ಬರೀ ಹೆಸರು. ಕನ್ನಡದಲ್ಲಿ ಹೇಳುವುದಾದರೆ ಏಕವಚನ. ಅಲಬಾಮಾದಲ್ಲಿ ಸಾಕ್ಷಿಕಟ್ಟೆ ಏರಿದ ಮೇರಿ ಹ್ಯಾಮಿಲ್ಟನ್ ಎಂಬ ಹೋರಾಟಗಾರ್ತಿ ತನ್ನನ್ನು ‘ಮಿಸ್ ಹ್ಯಾಮಿಲ್ಟನ್’ ಎನ್ನುವವರೆಗೆ ಉತ್ತರ ಕೊಡುವುದಿಲ್ಲ ಎಂದು ಕೂತರು. ಅದು ನ್ಯಾಯಾಲಯ ನಿಂದನೆ ಎಂದು ಶಿಕ್ಷೆಯಾಯಿತು. ಅದನ್ನು ರದ್ದು ಮಾಡಿಸಲು 1964ರಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು. ಒಂದು ಗೌರವಸೂಚಕ ಪದಕ್ಕಾಗಿ ದೇಶದ ಅತ್ಯುಚ್ಚ ನ್ಯಾಯಾಲಯ! ಇಂಥ ಕೋಣೆಗಳಲ್ಲಿ ಎತ್ತರದ ನಿಲುವಿನ, ಮೆಲುದನಿಯ ಈ ವಕೀಲೆ ಬಿಳಿಯ ಅಧಿಕಾರಿಗಳನ್ನು ಕಟಕಟೆಯಲ್ಲಿ ನಿಲ್ಲಿಸಿ ಪಾಟೀಸವಾಲು ಹಾಕುತ್ತಿದ್ದರು.

1961ರ ಜನವರಿಯಲ್ಲಿ ಜಾರ್ಜಿಯಾ ವಿಶ್ವವಿದ್ಯಾಲಯದ ಬಾಗಿಲು ತೆರೆಯಿತು. ಅಲ್ಲಿ ಮಾಟ್ಲಿಯವರ ಕಕ್ಷಿದಾರರು ಇಬ್ಬರು: ಮುಂದೆ ವೈದ್ಯರಾದ ಹ್ಯಾಮಿಲ್ಟನ್ ಹೋಮ್ಸ್, ಪತ್ರಕರ್ತೆಯಾಗಿ ಹೆಸರು ಮಾಡಿದ ಶಾರ್ಲೇನ್ ಹಂಟರ್. ಅದೇ ತಿಂಗಳು ಮಿಸಿಸಿಪಿ ವಿಶ್ವವಿದ್ಯಾಲಯಕ್ಕೆ ಪ್ರವೇಶ ಕೋರಿ ಜೇಮ್ಸ್ ಮೆರೆಡಿತ್ ಅರ್ಜಿ ಬರೆದರು. ವಾಯುಪಡೆಯಲ್ಲಿ ಒಂಬತ್ತು ವರ್ಷ ದುಡಿದು ಬಂದ ಕರಿಯ ಯುವಕ. ಮಾರ್ಷಲ್ ಈ ಮೊಕದ್ದಮೆಯನ್ನು ಮಾಟ್ಲಿಯವರಿಗೆ ವಹಿಸಿದರು. ದಕ್ಷಿಣದಲ್ಲಿ ಕರಿಯ ಗಂಡಸರಿಗಿಂತ ಕರಿಯ ಹೆಂಗಸರಿಗೆ ಅಪಾಯ ಕಡಿಮೆ ಎಂಬುದು ಮಾರ್ಷಲ್ಲರ ಲೆಕ್ಕಾಚಾರವಾಗಿತ್ತು ಎಂದು ಮಾಟ್ಲಿ ಮುಂದೆ ಹೇಳಿಕೊಂಡಿದ್ದಾರೆ. ಆ ಲೆಕ್ಕಾಚಾರ ಎಷ್ಟು ಸರಿ ಎಂಬುದು ಬೇರೆ ಮಾತು. ಈ ಒಂದು ಮೊಕದ್ದಮೆಗಾಗಿ ಅವರು 22 ಸಲ ಮಿಸಿಸಿಪಿಗೆ ಹೋಗಿಬಂದರು. ನ್ಯೂಯಾರ್ಕಿನ ಮನೆಯಲ್ಲಿ ಹತ್ತು ವರ್ಷದ ಮಗನಿದ್ದ.

ವಿಶ್ವವಿದ್ಯಾಲಯ ಒಡ್ಡಿದ ತಕರಾರುಗಳು ಒಂದಕ್ಕಿಂತ ಒಂದು ಸೊಗಸು. ಪ್ರವೇಶಕ್ಕೆ ಹಳೆಯ ವಿದ್ಯಾರ್ಥಿಗಳ ಶಿಫಾರಸು ಪತ್ರ ಬೇಕು ಎಂಬುದು ಒಂದು. ಹಳೆಯ ವಿದ್ಯಾರ್ಥಿಗಳೆಲ್ಲ ಬಿಳಿಯರೇ ಆಗಿರುವಾಗ ಮೆರೆಡಿತ್‌ಗೆ ಪತ್ರ ಕೊಡುವವರು ಯಾರು? ಜಿಲ್ಲಾ ನ್ಯಾಯಾಧೀಶರು ಇದರಲ್ಲೆಲ್ಲ ಬಣ್ಣಭೇದವೇ ಇಲ್ಲ ಎಂದರು. ಮೇಲಿನ ನ್ಯಾಯಾಲಯ ಮಾತ್ರ, ಮಿಸಿಸಿಪಿ ರಾಜ್ಯ ವರ್ಣಭೇದ ನೀತಿ ಅನುಸರಿಸುತ್ತಿದೆ ಎಂಬುದು ಲೋಕಕ್ಕೆಲ್ಲ ಗೊತ್ತಿರುವ ವಿಷಯ, ಅದಕ್ಕೆ ಬೇರೆ ಸಾಕ್ಷ್ಯ ಬೇಕಿಲ್ಲ ಎಂಬ ನಿಲುವು ತಳೆಯಿತು. 1962ರ ಜೂನ್‌ನಲ್ಲಿ ಪ್ರವೇಶ ಕೊಡಬೇಕೆಂಬ ತೀರ್ಪು ಬಂತು. ಆ ಪ್ರಾಂತದ ಮೇಲ್ಮನವಿ ನ್ಯಾಯಾಧೀಶರೊಬ್ಬರು ಅದಕ್ಕೆ ತಡೆಯಾಜ್ಞೆ ಕೊಟ್ಟರು. ಸಹೋದ್ಯೋಗಿಗಳು ತೆರವು ಮಾಡಿದರು. ಅವರು ಮತ್ತೆ ಕೊಟ್ಟರು. ಹೀಗೆ ನಾಲ್ಕು ಸಲ! ಕೊನೆಗೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಹ್ಯೂಗೋ ಬ್ಲ್ಯಾಕ್ ಸೆಪ್ಟೆಂಬರ್ 10ರಂದು ಆ ಆಟಕ್ಕೆ ತೆರೆ ಎಳೆದರು. ರಾಜ್ಯದ ಗವರ್ನರ್ ತಾವೇ ನಿಂತು ಮೆರೆಡಿತ್‌ರನ್ನು ತಡೆದರು. ಅಧ್ಯಕ್ಷ ಕೆನೆಡಿ ಫೆಡರಲ್ ಮಾರ್ಷಲ್‌ಗಳನ್ನೂ ಸೇನೆಯನ್ನೂ ಕಳಿಸಬೇಕಾಯಿತು. ಸೆಪ್ಟೆಂಬರ್ 30ರ ರಾತ್ರಿಯ ಗಲಭೆಯಲ್ಲಿ ಇಬ್ಬರು ಸತ್ತರು. ಅವರಲ್ಲೊಬ್ಬರು ಸುದ್ದಿಗೆಂದು ಬಂದಿದ್ದ ಫ್ರೆಂಚ್ ಪತ್ರಕರ್ತ. ಮರುದಿನ ಬೆಳಿಗ್ಗೆ ಮೆರೆಡಿತ್ ಹೆಸರು ನೋಂದಾಯಿಸಿದರು. 1963ರ ಆಗಸ್ಟ್‌ನಲ್ಲಿ ಪದವಿ ಪಡೆದರು.

ಮಿಸಿಸಿಪಿಯಲ್ಲಿ ಮಾಟ್ಲಿಯವರಿಗೆ ಆಸರೆಯಾಗಿದ್ದವರು ಮೆಡ್ಗರ್ ಎವರ್ಸ್ ಎಂಬ ಚಳವಳಿಗಾರ. ಒಮ್ಮೆ ಕಾರಿನಲ್ಲಿ ಹೋಗುತ್ತಿರುವಾಗ, ಕೈಯಲ್ಲಿರುವ ಕೇಸಿನ ಕಾಗದಗಳನ್ನು ಮರೆಮಾಡಿ, ತಿರುಗಿ ನೋಡಬೇಡಿ, ಹಿಂದೆ ಕಾರೊಂದು ಬರುತ್ತಿದೆ ಎಂದು ಎವರ್ಸ್ ಎಚ್ಚರಿಸಿದ್ದನ್ನು ಮಾಟ್ಲಿ ನೆನೆದಿದ್ದಾರೆ. 1963ರ ಜೂನ್ 12ರಂದು ಎವರ್ಸ್‌ರನ್ನು ಅವರ ಮನೆಯ ಮುಂದೆಯೇ ಗುಂಡಿಟ್ಟು ಕೊಂದರು.

ಅದಕ್ಕೆ ಮೂರು ವಾರ ಮೊದಲಿನ ಇನ್ನೊಂದು ಘಟನೆ ಹೇಳಬೇಕು. ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಮಾರ್ಟಿನ್ ಲೂಥರ್ ಕಿಂಗ್‌ರ ಮೆರವಣಿಗೆಗಳಲ್ಲಿ ಶಾಲಾ ಮಕ್ಕಳು ಪಾಲ್ಗೊಂಡಿದ್ದರು. ಶಾಲಾ ಮಂಡಳಿ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಒಮ್ಮೆಗೇ ಹೊರಹಾಕಿತು. ಮೇ 22ರಂದು ಅಲ್ಲಿನ ನ್ಯಾಯಾಧೀಶರು ಪರಿಹಾರ ನಿರಾಕರಿಸಿದರು. ಮಾಟ್ಲಿ ಅಂದೇ ಅಟ್ಲಾಂಟಾಕ್ಕೆ ಹೋಗಿ ಮೇಲ್ಮನವಿ ನ್ಯಾಯಾಲಯದ ಎಲ್ಬರ್ಟ್ ಟಟಲ್ ಅವರ ಮುಂದೆ ವಾದಿಸಿ, ಅಂದೇ ಮಕ್ಕಳನ್ನು ಮರಳಿ ಸೇರಿಸಿಕೊಳ್ಳಬೇಕೆಂಬ ಆದೇಶ ತಂದರು. ನ್ಯಾಯ ಎಂದರೆ ವರ್ಷಗಟ್ಟಲೆ ಕಾಯುವುದು ಎಂದೇ ತಿಳಿದಿರುವ ನಮಗೆ ಇದು ಕಥೆಯಂತೆ ಕೇಳಿಸುತ್ತದೆ.

ಸುಪ್ರೀಂ ಕೋರ್ಟಿನಲ್ಲಿ ಮಾಟ್ಲಿ ಹತ್ತು ಮೊಕದ್ದಮೆ ವಾದಿಸಿ ಒಂಬತ್ತು ಗೆದ್ದರು. ಸೋತದ್ದು ಸ್ವೇನ್ ಮೊಕದ್ದಮೆ. ಅಲಬಾಮಾದ ಟ್ಯಾಲಡೀಗ ಜಿಲ್ಲೆಯಲ್ಲಿ ಒಬ್ಬ ಕರಿಯ ತರುಣನಿಗೆ ಮರಣದಂಡನೆಯಾಗಿತ್ತು. ಅಲ್ಲಿ ಸುಮಾರು 1950ರಿಂದ ಒಬ್ಬ ಕರಿಯನೂ ವಿಚಾರಣೆಯ ಜ್ಯೂರಿಯಲ್ಲಿ ಕುಳಿತಿರಲಿಲ್ಲ. ಪಟ್ಟಿಯಲ್ಲಿ ಕರಿಯರ ಹೆಸರು ಇರುತ್ತಿತ್ತು. ಕಾರಣ ಹೇಳದೆಯೇ ಹೆಸರು ಹೊಡೆದುಹಾಕುವ ಹಕ್ಕನ್ನು ಬಳಸಿ ಸರ್ಕಾರಿ ವಕೀಲರು ಎಲ್ಲರನ್ನೂ ಕೈಬಿಡುತ್ತಿದ್ದರು. 1965ರಲ್ಲಿ ಸುಪ್ರೀಂ ಕೋರ್ಟು ಇದನ್ನು ತಪ್ಪೆನ್ನಲು ಒಪ್ಪಲಿಲ್ಲ. 1986ರಲ್ಲಿ ಬ್ಯಾಟ್ಸನ್ ಮೊಕದ್ದಮೆಯಲ್ಲಿ ಅದೇ ಕೋರ್ಟು ತನ್ನ ಹಳೆಯ ನಿಲುವನ್ನು ಬಿಟ್ಟುಕೊಟ್ಟು, ಬಣ್ಣ ನೋಡಿ ಜ್ಯೂರಿಯವರನ್ನು ತೆಗೆಯುವುದು ಸಲ್ಲದೆಂದಿತು. ಹತ್ತನೆಯದನ್ನೂ ಮಾಟ್ಲಿಯವರ ಗೆಲುವಿನ ಲೆಕ್ಕಕ್ಕೆ ಸೇರಿಸುವವರಿದ್ದಾರೆ. 21 ವರ್ಷ ತಡವಾಯಿತು, ಅಷ್ಟೆ.

ಇಷ್ಟೆಲ್ಲ ಮಾಡಿದವರು ಆ ಕಚೇರಿ ಬಿಟ್ಟದ್ದೇಕೆ? 1961ರಲ್ಲಿ ಮಾರ್ಷಲ್ ನ್ಯಾಯಾಧೀಶರಾಗಿ ಹೊರಟಾಗ ಅವರ ಕುರ್ಚಿ ಮಾಟ್ಲಿಯವರಿಗೆ ಬರಲಿಲ್ಲ. ಅವರಿಗಿಂತ ನಾಲ್ಕು ವರ್ಷ ತಡವಾಗಿ ಕಚೇರಿ ಸೇರಿದ ಜ್ಯಾಕ್ ಗ್ರೀನ್‌ಬರ್ಗ್ ಎಂಬ ಬಿಳಿಯ ವಕೀಲರಿಗೆ ಹೋಯಿತು. ಗ್ರೀನ್‌ಬರ್ಗ್ ಸಮರ್ಥರೇ, ಅನುಮಾನವಿಲ್ಲ. ಆದರೂ ತಾನು ಹೆಂಗಸೆಂಬ ಕಾರಣಕ್ಕೆ ಹಿಂದೆ ಬಿದ್ದೆ ಎಂಬ ನೋವು ಮಾಟ್ಲಿಯವರಿಗೆ ಉಳಿಯಿತು. 1998ರಲ್ಲಿ ಬಂದ ಆತ್ಮಕಥೆಯಲ್ಲಿ ಅದನ್ನು ಮುಚ್ಚಿಟ್ಟಿಲ್ಲ. ಸಮಾನತೆಗಾಗಿ ಹೋರಾಡುವ ಸಂಸ್ಥೆಯ ಒಳಗೂ ಕುರ್ಚಿ ಹಂಚುವಾಗ ಹಳೆಯ ತೂಕದ ಕಲ್ಲುಗಳೇ ಹೊರಬರುತ್ತವೆ.

ರಾಜಕೀಯದ ಅಧ್ಯಾಯ ಚಿಕ್ಕದು. 1964ರ ಫೆಬ್ರವರಿಯ ಉಪಚುನಾವಣೆಯಲ್ಲಿ ಗೆದ್ದು ಅವರು ನ್ಯೂಯಾರ್ಕ್ ರಾಜ್ಯದ ಸೆನೆಟ್ ಸೇರಿದರು. ಆ ಮೇಲ್ಮನೆಗೆ ಬಂದ ಮೊದಲ ಕರಿಯ ಮಹಿಳೆ. ಶಾಸಕಿಯಾದ ಮೇಲೂ ವಕಾಲತ್ತು ಬಿಡಲಿಲ್ಲ. ಸ್ವೇನ್ ಮೊಕದ್ದಮೆಯನ್ನು ವಾದಿಸಿದ್ದು ಸೆನೆಟರ್ ಆಗಿದ್ದಾಗಲೇ. 1965ರ ಫೆಬ್ರವರಿಯಲ್ಲಿ ಮ್ಯಾನ್‌ಹಟನ್ ವಿಭಾಗದ ಅಧ್ಯಕ್ಷರಾಗಿ ಆಯ್ಕೆಯಾದರು. ನ್ಯೂಯಾರ್ಕ್ ನಗರದ ಐದು ವಿಭಾಗಗಳ ಅಧ್ಯಕ್ಷರಿಗೆ ಆಗ ನಗರದ ಹಣಕಾಸು ತೀರ್ಮಾನಿಸುವ ಮಂಡಳಿಯಲ್ಲಿ ಮತವಿತ್ತು, ಹೀಗಾಗಿ ಅದು ಬರಿಯ ಅಲಂಕಾರದ ಹುದ್ದೆಯಲ್ಲ. ಕರಿಯರ ನೆಲೆಯಾದ ಹಾರ್ಲೆಮ್‌ನ ಅಭಿವೃದ್ಧಿಗೆ ಯೋಜನೆ ಹಾಕಿದರು. ಅದು ಫಲ ಕೊಡುವಷ್ಟು ಕಾಲ ಅವರು ಅಲ್ಲಿ ಇರಲಿಲ್ಲ. 1966ರ ಜನವರಿಯಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಅವರನ್ನು ಫೆಡರಲ್ ಜಿಲ್ಲಾ ನ್ಯಾಯಾಧೀಶರ ಹುದ್ದೆಗೆ ಹೆಸರಿಸಿದರು.

‘ಜಿಲ್ಲಾ ನ್ಯಾಯಾಧೀಶ’ ಎಂಬ ಹೆಸರು ಕೇಳಿ ನಾವು ಮೋಸಹೋಗಬಾರದು. ಅಲ್ಲಿ ಈ ಹುದ್ದೆಗೆ ದೇಶದ ಅಧ್ಯಕ್ಷರೇ ಹೆಸರು ಸೂಚಿಸಬೇಕು, ಸಂಸತ್ತಿನ ಸೆನೆಟ್ ಒಪ್ಪಬೇಕು. ಒಪ್ಪಿದ ಮೇಲೆ ಜೀವಾವಧಿ. ಶಾಸನಸಭೆಯಿಂದ ನ್ಯಾಯಪೀಠಕ್ಕೆ ದಾಟುವುದು ಅಲ್ಲಿ ಅಪರೂಪವಲ್ಲ. ನಮ್ಮಲ್ಲಿ ಅಪರೂಪ, ಆದರೆ ಇಲ್ಲವೆಂದಲ್ಲ. ಕಾರ್ಕಳ ತಾಲ್ಲೂಕಿನ ಕೌಡೂರಿನ ಕೆ.ಎಸ್. ಹೆಗ್ಡೆಯವರು ವಕೀಲರಾಗಿದ್ದು 1952ರಲ್ಲಿ ರಾಜ್ಯಸಭೆಗೆ ಹೋದರು, 1957ರಲ್ಲಿ ಮೈಸೂರು ಹೈಕೋರ್ಟಿನ ನ್ಯಾಯಮೂರ್ತಿಯಾದರು, 1967ರಲ್ಲಿ ಸುಪ್ರೀಂ ಕೋರ್ಟ್ ಸೇರಿದರು. 1973ರಲ್ಲಿ ತಮ್ಮನ್ನು ಹಿಂದಿಕ್ಕಿ ಕಿರಿಯರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದಾಗ ರಾಜೀನಾಮೆ ಕೊಟ್ಟು, 1977ರಲ್ಲಿ ಬೆಂಗಳೂರು ದಕ್ಷಿಣದಿಂದ ಗೆದ್ದು ಲೋಕಸಭೆಯ ಸ್ಪೀಕರ್ ಆದರು. ರಾಜಕೀಯದಿಂದ ಬಂದವರು ಆಳುವವರ ಮಾತಿಗೆ ಬಾಗುತ್ತಾರೆ ಎಂಬ ಅನುಮಾನಕ್ಕೆ ಹೆಗ್ಡೆಯವರ ಬದುಕು ಹೊಂದುವುದಿಲ್ಲ.

ಮಾಟ್ಲಿಯವರ ಹೆಸರು ಸೆನೆಟ್ಟಿಗೆ ಹೋಯಿತಷ್ಟೆ. ಅಲ್ಲಿ ನ್ಯಾಯಾಂಗ ಸಮಿತಿಯ ಅಧ್ಯಕ್ಷರು ಯಾರು? ಮಿಸಿಸಿಪಿಯ ಜೇಮ್ಸ್ ಈಸ್ಟ್‌ಲ್ಯಾಂಡ್. ವರ್ಣಭೇದದ ಕಟ್ಟಾ ಸಮರ್ಥಕರು, ಮೆರೆಡಿತ್ ಮೊಕದ್ದಮೆಯನ್ನು ಮರೆತವರಲ್ಲ. ಏಳು ತಿಂಗಳು ಕಡತ ಅವರ ಕೈಯಲ್ಲಿ ಕೊಳೆಯಿತು. ಈಕೆ ಹಿಂದೆ ಕಮ್ಯುನಿಸ್ಟ್ ಆಗಿದ್ದರು ಎಂಬ ಆರೋಪವೂ ಹೊರಬಂತು; ಆ ಕಾಲದ ಅಮೆರಿಕದಲ್ಲಿ ಯಾರ ಮೇಲಾದರೂ ಎರಚಬಹುದಾಗಿದ್ದ ಕೆಸರು ಅದು. ಆರೋಪ ನಿಲ್ಲಲಿಲ್ಲ. 1966ರ ಆಗಸ್ಟ್ 30ರಂದು ಸೆನೆಟ್ ನೇಮಕವನ್ನು ಒಪ್ಪಿತು. ಮೆರೆಡಿತ್ ವಿಚಾರಣೆ ನಡೆದ ಜಾಕ್ಸನ್ ನಗರದ ಫೆಡರಲ್ ಕೋರ್ಟಿನ ಕಟ್ಟಡಕ್ಕೆ ಮುಂದೆ ಇದೇ ಈಸ್ಟ್‌ಲ್ಯಾಂಡ್ ಹೆಸರಿಟ್ಟರು ಎಂಬುದನ್ನು ಇಲ್ಲಿಯೇ ಹೇಳಿಬಿಡುವುದು ಮೇಲು.

ಪೀಠ ಏರಿದ ಮೇಲೆ ಮಾಟ್ಲಿ ಏನು ಮಾಡಿದರು? ಮೊದಲ ವರ್ಷಗಳ ಮೊಕದ್ದಮೆಗಳಲ್ಲಿ ಒಂದು ಮಾರ್ಟಿನ್ ಸೋಸ್ಟ್ರೆ ಎಂಬ ಕೈದಿಯದು. ಜೈಲಿನ ಒಂಟಿ ಕೋಣೆಯಲ್ಲಿ ಅವರನ್ನು ವರ್ಷಕ್ಕೂ ಹೆಚ್ಚು ಕಾಲ, 372 ದಿನ, ಕೂಡಿಹಾಕಿದ್ದರು. 1970ರಲ್ಲಿ ಮಾಟ್ಲಿ ಇದು ಸಂವಿಧಾನಕ್ಕೆ ವಿರುದ್ಧ ಎಂದರು. ದಿನಕ್ಕೆ 25 ಡಾಲರ್ ಪರಿಹಾರ, 10 ಡಾಲರ್ ದಂಡ, ಒಟ್ಟು 13,020 ಡಾಲರ್ ಕೊಡಬೇಕೆಂದು ಆಜ್ಞೆ ಮಾಡಿದರು. ಮರುವರ್ಷ ಮೇಲ್ಮನವಿ ನ್ಯಾಯಾಲಯ ದಂಡವನ್ನು ತೆಗೆದುಹಾಕಿತು, ಅಷ್ಟು ದೀರ್ಘ ಏಕಾಂತವಾಸವೇ ತಪ್ಪೆಂಬ ಮಾತನ್ನೂ ಒಪ್ಪಲಿಲ್ಲ. ವಕೀಲೆಯಾಗಿದ್ದಾಗ ಕೆಳಗಿನ ಕೋರ್ಟಿನಲ್ಲಿ ಸೋತು ಮೇಲೆ ಗೆಲ್ಲುತ್ತಿದ್ದವರಿಗೆ ಈಗ ಕೆಳಗಿನ ಕೋರ್ಟೇ ತಾವು. ಮೇಲಿನವರು ಬದಲಾಯಿಸಿದರೆ ತಲೆಬಾಗಬೇಕು. ಇನ್ನೊಂದು ಊರಿಗೆ ವಿಮಾನ ಹತ್ತುವಂತಿಲ್ಲ.

ಪತ್ರಿಕೆಯಲ್ಲಿ ಕೆಲಸ ಮಾಡುವ ನಮಗೆ ಹತ್ತಿರವಾದದ್ದು 1978ರ ಸೆಪ್ಟೆಂಬರಿನ ತೀರ್ಪು. ಹಿಂದಿನ ವರ್ಷ ಬೇಸ್‌ಬಾಲ್ ವಿಶ್ವ ಸರಣಿಯ ಹೊತ್ತಿಗೆ ‘ಸ್ಪೋರ್ಟ್ಸ್ ಇಲಸ್ಟ್ರೇಟೆಡ್’ ಪತ್ರಿಕೆಯ ವರದಿಗಾರ್ತಿ ಮೆಲಿಸಾ ಲಡ್ಕಿಯವರನ್ನು ಆಟಗಾರರ ಕೋಣೆಗೆ ಬಿಟ್ಟಿರಲಿಲ್ಲ. ಆಟ ಮುಗಿದ ಕೂಡಲೇ ಗಂಡಸು ವರದಿಗಾರರೆಲ್ಲ ಒಳಗೆ ಹೋಗಿ ಆಟಗಾರರನ್ನು ಮಾತಾಡಿಸುತ್ತಿದ್ದರು. ಇವರು ಹೊರಗೆ ಕಾಯಬೇಕು. ಆಟಗಾರರು ಅಲ್ಲಿ ಬಟ್ಟೆ ಬದಲಿಸುತ್ತಾರೆ, ಅವರ ಮರ್ಯಾದೆಯ ಪ್ರಶ್ನೆ ಎಂಬುದು ಬೇಸ್‌ಬಾಲ್ ಕಮಿಷನರ್ ವಾದ. ಮಾಟ್ಲಿ ಎರಡು ಸಂಗತಿ ನೋಡಿದರು. ಯಾಂಕಿ ಕ್ರೀಡಾಂಗಣ ನ್ಯೂಯಾರ್ಕ್ ನಗರದ ಆಸ್ತಿ, ಗುತ್ತಿಗೆಗೆ ಕೊಟ್ಟದ್ದು; ಆದ್ದರಿಂದ ಸಂವಿಧಾನದ ಸಮಾನತೆಯ ನಿಯಮ ಅಲ್ಲಿಗೂ ಅನ್ವಯಿಸುತ್ತದೆ. ಇನ್ನು ಮರ್ಯಾದೆಯ ಮಾತು: ಅದನ್ನು ಒಂದು ಪರದೆಯೋ ಟವೆಲೋ ಕಾಪಾಡೀತು, ಅದಕ್ಕಾಗಿ ವರದಿಗಾರ್ತಿಯ ಕಸುಬಿಗೆ ಅಡ್ಡಿಯಾಗಬೇಕಿಲ್ಲ. ಇಂದು ಕ್ರೀಡಾ ಪುಟಕ್ಕೆ ಬರೆಯುವ ಎಷ್ಟೋ ಹೆಣ್ಣುಮಕ್ಕಳಿಗೆ ಈ ಹೆಸರು ಗೊತ್ತಿರಲಾರದು.

ಇವನ್ನೆಲ್ಲ ಓದಿದರೆ ಸಲಿವನ್ ಸಂಸ್ಥೆಯ ವಕೀಲರ ಅನುಮಾನವೇ ಸರಿ, ಈಕೆ ಯಾವಾಗಲೂ ದುರ್ಬಲರ ಕಡೆಗೇ ವಾಲುತ್ತಿದ್ದರು ಎನಿಸಬಹುದು. 1991ರ ಕಿಂಕೋಸ್ ಮೊಕದ್ದಮೆ ಆ ಎಣಿಕೆಯನ್ನು ಕೆಡಿಸುತ್ತದೆ. ಕಿಂಕೋಸ್ ಎಂಬುದು ಕಾಲೇಜುಗಳ ಬದಿಯಲ್ಲಿ ಜೆರಾಕ್ಸ್ ಅಂಗಡಿಗಳನ್ನು ಇಟ್ಟಿದ್ದ ಕಂಪನಿ. ಪ್ರಾಧ್ಯಾಪಕರು ಕೊಟ್ಟ ಪಟ್ಟಿಯಂತೆ ಬೇರೆ ಬೇರೆ ಪುಸ್ತಕಗಳ ಅಧ್ಯಾಯಗಳನ್ನು ಜೆರಾಕ್ಸ್ ಮಾಡಿ, ಕಟ್ಟು ಕಟ್ಟಿ, ವಿದ್ಯಾರ್ಥಿಗಳಿಗೆ ಮಾರುತ್ತಿತ್ತು. ಪ್ರಕಾಶಕರು ದಾವೆ ಹೂಡಿದರು. ಓದುವ ಬಡ ಮಕ್ಕಳು ಒಂದು ಕಡೆ, ದೊಡ್ಡ ಪ್ರಕಾಶನ ಸಂಸ್ಥೆಗಳು ಇನ್ನೊಂದು ಕಡೆ. ಸ್ವತಃ ಪರರ ಹಣದಿಂದ ಓದಿದ ಮಾಟ್ಲಿ ತೀರ್ಪು ಕೊಟ್ಟದ್ದು ಪ್ರಕಾಶಕರ ಪರವಾಗಿ. ಓದುವವರು ವಿದ್ಯಾರ್ಥಿಗಳಿರಬಹುದು, ಆದರೆ ಅಚ್ಚು ಹಾಕಿ ಲಾಭ ಮಾಡಿಕೊಳ್ಳುತ್ತಿರುವುದು ಅಂಗಡಿ ಎಂಬುದು ಅವರು ಕೊಟ್ಟ ಕಾರಣ. ಕಂಪನಿ 5,10,000 ಡಾಲರ್ ತೆರಬೇಕಾಯಿತು. ನಮ್ಮ ದೇಶದಲ್ಲಿ ಇದೇ ಪ್ರಶ್ನೆ ದೆಹಲಿ ವಿಶ್ವವಿದ್ಯಾಲಯದ ಆವರಣದ ಒಂದು ಜೆರಾಕ್ಸ್ ಅಂಗಡಿಯ ವಿಷಯದಲ್ಲಿ ಎದ್ದಿತು. 2016ರಲ್ಲಿ ದೆಹಲಿ ಹೈಕೋರ್ಟು ಮಾಟ್ಲಿಯವರಿಗೆ ನೇರ ವಿರುದ್ಧವಾದ ಉತ್ತರ ಕೊಟ್ಟು ವಿದ್ಯಾರ್ಥಿಗಳ ಕಡೆ ನಿಂತಿತು. ನಮ್ಮ ಹಾಸ್ಟೆಲುಗಳ ಗತಿಯನ್ನು ನೋಡಿದರೆ ದೆಹಲಿಯ ತೀರ್ಪೇ ಹಿತವೆನಿಸುತ್ತದೆ. ಮಾಟ್ಲಿಯವರನ್ನು ಪಕ್ಷಪಾತಿ ಎಂದವರು ಮಾತ್ರ ಕಿಂಕೋಸ್ ತೀರ್ಪನ್ನು ಓದಬೇಕು.

1982ರಿಂದ 1986ರವರೆಗೆ ಅವರು ಆ ನ್ಯಾಯಾಲಯದ ಮುಖ್ಯ ನ್ಯಾಯಾಧೀಶರಾಗಿದ್ದರು. ಆಮೇಲೆ ಹಿರಿಯ ನ್ಯಾಯಾಧೀಶರೆಂಬ ಹೆಸರಿನಲ್ಲಿ, 2005ರ ಸೆಪ್ಟೆಂಬರ್ 28ರಂದು 84ರ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಆ ಪೀಠದವರಾಗಿಯೇ ಉಳಿದರು. ಅಮೆರಿಕದ ಸುಪ್ರೀಂ ಕೋರ್ಟಿಗೆ ಮೊದಲ ಕರಿಯ ಮಹಿಳೆ ನೇಮಕವಾದದ್ದು 2022ರಲ್ಲಿ, ಮಾಟ್ಲಿ ಪೀಠವೇರಿ 56 ವರ್ಷಗಳಾದ ಮೇಲೆ. ಹೆಸರು ಪ್ರಕಟವಾದ ದಿನ ಕೆಟಾಂಜಿ ಬ್ರೌನ್ ಜ್ಯಾಕ್ಸನ್ ತಮ್ಮ ಮಾತಿನಲ್ಲಿ ಮಾಟ್ಲಿಯವರನ್ನು ನೆನೆದರು. ಇಬ್ಬರ ಹುಟ್ಟಿದ ದಿನವೂ ಸೆಪ್ಟೆಂಬರ್ 14. ನಡುವೆ ಸರಿಯಾಗಿ 49 ವರ್ಷ.